ವೀಣೆ ಬಿಟ್ಟು ಬಿವಾ ಹಿಡಿದ ಸರಸ್ವತಿ: ಎನೋಶಿಮಾ ದ್ವೀಪದ ದೇಗುಲಕ್ಕೆ ಒಂದು ದಿನದ ಭೇಟಿ

ದಸರೆಯ ಹತ್ತು ದಿನ ನಾಡೆಲ್ಲ ಮೈಸೂರಿಗೆ ಬರುತ್ತದೆ; ಮೈಸೂರಿನವರಲ್ಲಿ ಕೆಲವರು ಆ ಹೊತ್ತಿಗೇ ಊರು ಬಿಡುತ್ತಾರೆ. ಕಳೆದ ಸಲ ನಾವೂ ಆ ಕೆಲವರ ಸಾಲಿಗೆ ಸೇರಿ, ಯೋಕೊಹಾಮಾದಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ನನ್ನ ಹೆಂಡತಿ ಸರಸ್ವತೀಪುರಂನ ನಮ್ಮ ಮನೆಯ ಹಜಾರದಲ್ಲಿ ಮೂವತ್ತು ವರ್ಷಗಳಿಂದ ಮಕ್ಕಳಿಗೆ ವೀಣೆ ಹೇಳಿಕೊಡುತ್ತಿರುವವಳು. ನವರಾತ್ರಿಯ ಸರಸ್ವತೀ ಪೂಜೆಯ ದಿನ ವೀಣೆಯನ್ನು ಮಣೆಯ ಮೇಲಿಟ್ಟು ಹೂವೇರಿಸದೆ ಇದ್ದ ವರ್ಷವೇ ಅವಳಿಗಿರಲಿಲ್ಲ. ಆ ಕೊರಗನ್ನು ಅವಳು ಮೂರು ಬಾರಿ ತೋಡಿಕೊಂಡ ಮೇಲೆ ಮಗಳು, "ಅಮ್ಮ, ಪೂಜೆ ತಪ್ಪಿತು ಅಂತ ಬೇಜಾರು ಮಾಡ್ಕೋಬೇಡ, ಸರಸ್ವತಿ ಇರೋ ಕಡೆಗೇ ಕರ್ಕೊಂಡು ಹೋಗ್ತೀನಿ" ಎಂದಳು. ಹಾಗೆ ನಾವು ತಲುಪಿದ್ದು ಎನೋಶಿಮಾ ದ್ವೀಪಕ್ಕೆ.

ಊರಿಗೆ ಮರಳಿದ ಮೇಲೆ ಎದುರು ಮನೆಯವರು ಬಂದು ಒಂದು ಪ್ರಶ್ನೆ ಕೇಳಿದರು. ಅವರ ಮಗ ಮತ್ತು ಹೊಸ ಸೊಸೆ ಜಪಾನಿಗೆ ಹೋಗುವವರಿದ್ದಾರೆ. ಪಟ್ಟಿಯಲ್ಲಿ ಎನೋಶಿಮಾ ಇದೆ. ಅದು ಪ್ರೇಮಿಗಳ ದ್ವೀಪವೆಂದು ಕೆಲವರು ಹೇಳುತ್ತಾರೆ, ಜೋಡಿಯಾಗಿ ಹೋದವರನ್ನು ಅಲ್ಲಿನ ದೇವಿ ಹೊಟ್ಟೆಕಿಚ್ಚಿನಿಂದ ಬೇರೆ ಮಾಡುತ್ತಾಳೆಂದು ಇನ್ನು ಕೆಲವರು ಹೆದರಿಸುತ್ತಾರೆ. ಕಳಿಸುವುದೋ ಬೇಡವೋ? ಅವರಿಗೆ ಜಗಲಿಯಲ್ಲಿ ಕೊಟ್ಟ ಉತ್ತರ ಅರ್ಧಕ್ಕೇ ನಿಂತಿತ್ತು. ಪೂರ್ತಿ ಉತ್ತರ ಇದು.

ಎನೋಶಿಮಾ ಕನಗಾವಾ ಪ್ರಾಂತ್ಯದ ಫುಜಿಸಾವಾ ನಗರಕ್ಕೆ ಸೇರಿದ, ಸುತ್ತಳತೆ ನಾಲ್ಕು ಕಿಲೋಮೀಟರಿನಷ್ಟಿರುವ, ಅರವತ್ತು ಮೀಟರ್ ಎತ್ತರದ ಒಂದು ಗುಡ್ಡ. ಯೋಕೊಹಾಮಾದಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಫುಜಿಸಾವಾ, ಅಲ್ಲಿಂದ ಒದಕ್ಯೂ ಕಂಪನಿಯ ರೈಲಿನಲ್ಲಿ ಹತ್ತು ನಿಮಿಷದೊಳಗೆ ಕತಾಸೆ-ಎನೋಶಿಮಾ ನಿಲ್ದಾಣ. ಆ ನಿಲ್ದಾಣವನ್ನು ಸಮುದ್ರದಡಿಯ ನಾಗದೇವನ ಅರಮನೆಯ ಮಾದರಿಯಲ್ಲಿ ಕಟ್ಟಿದ್ದಾರೆ. ಅರಮನೆಯ ಊರಿನಿಂದ ಹೋದ ನನಗೆ ಅದು ನಾಟಕದ ಪರದೆಯಂತೆ ಕಂಡಿತು. ಮಗಳಿಗೆ ಬಹಳ ಇಷ್ಟವಾಯಿತು. ನಿಲ್ದಾಣದಿಂದ ಸುಮಾರು ನಾನೂರು ಮೀಟರ್ ಉದ್ದದ ಸೇತುವೆಯ ಮೇಲೆ ನಡೆದರೆ ದ್ವೀಪ. ಸೇತುವೆ ಇಲ್ಲದ ಕಾಲದಲ್ಲಿ ಇಳಿತದ ಹೊತ್ತಿಗೆ ಮೇಲೇಳುವ ಮರಳಿನ ದಿಬ್ಬದ ಮೇಲೆ ಯಾತ್ರಿಕರು ನಡೆದು ದಾಟುತ್ತಿದ್ದರಂತೆ. ಶ್ರೀರಂಗಪಟ್ಟಣದ ಸೇತುವೆಗಳ ಮೇಲೆ ಓಡಾಡಿ ಬೆಳೆದ ನಮಗೆ, ದೇವರು ದ್ವೀಪದಲ್ಲಿರುವುದು ಹೊಸದೇನಲ್ಲ. ಸುತ್ತಲಿನ ನೀರು ಉಪ್ಪೆಂಬುದು ಮಾತ್ರ ಹೊಸದು.

ಈ ದೇಗುಲ ಒಂದೇ ಕಟ್ಟಡವಲ್ಲ. ಗುಡ್ಡದ ಮೇಲೆ ಮೂರು ಕಡೆ ಮೂರು ಗುಡಿಗಳಿವೆ: ಹೆತ್ಸುಮಿಯಾ, ನಾಕಾತ್ಸುಮಿಯಾ, ಒಕುತ್ಸುಮಿಯಾ. ಮೂವರು ಅಕ್ಕತಂಗಿಯರು ಅಲ್ಲಿನ ದೇವಿಯರು. ಸೂರ್ಯದೇವಿ ಅಮಾತೆರಾಸು ತನ್ನ ತಮ್ಮ ಸುಸಾನೊವೊನ ಕತ್ತಿಯನ್ನು ಮೂರು ತುಂಡು ಮಾಡಿ, ಅಗಿದು, ಉಸಿರಿನ ಮಂಜಾಗಿ ಹೊರಬಿಟ್ಟಾಗ ಹುಟ್ಟಿದವರು ಇವರೆಂದು ಜಪಾನಿನ ಪುರಾಣ ಹೇಳುತ್ತದೆ. ಆದರೆ ಜನ ಶತಮಾನಗಳಿಂದ ಈ ದ್ವೀಪಕ್ಕೆ ಬರುತ್ತಿರುವುದು ಬೆಂಜೈತೆನ್ ದೇವಿಗಾಗಿ. ಬೆಂಜೈತೆನ್ ಎಂದರೆ ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಜಪಾನಿಗೆ ಹೋದ ನಮ್ಮ ಸರಸ್ವತಿ. 1868ರಲ್ಲಿ ಮೇಜಿ ಸರ್ಕಾರ ಬೌದ್ಧ ಮತ್ತು ಶಿಂತೋ (ಜಪಾನಿನ ನಾಡಧರ್ಮ) ಪೂಜಾಸ್ಥಾನಗಳನ್ನು ಬೇರ್ಪಡಿಸಲು ಹೊರಟಾಗ ಇಲ್ಲಿನ ಬೌದ್ಧ ವ್ಯವಸ್ಥೆ ಹೋಯಿತು, ಅಕ್ಕತಂಗಿಯರು ಅಧಿಕೃತ ದೇವತೆಗಳಾದರು. ಜನ ಮಾತ್ರ ಬೆಂಜೈತೆನ್ ಎನ್ನುವುದನ್ನು ಬಿಡಲಿಲ್ಲ. ಬಿವಾ ಸರೋವರದ ಚಿಕುಬುಶಿಮಾ, ಹಿರೋಶಿಮಾ ಬಳಿಯ ಇತ್ಸುಕುಶಿಮಾ ಮತ್ತು ಎನೋಶಿಮಾ ಇವು ಮೂರು ಜಪಾನಿನ ಮುಖ್ಯ ಬೆಂಜೈತೆನ್ ಕ್ಷೇತ್ರಗಳೆಂದು ಪ್ರಸಿದ್ಧಿ, ಮೂರೂ ದ್ವೀಪಗಳೇ. ವೇದದಲ್ಲಿ ನದಿಯಾಗಿದ್ದವಳು ಅಷ್ಟು ದೂರ ಹೋದರೂ ನೀರು ಬಿಟ್ಟಿಲ್ಲವೆಂಬುದು ನನಗೆ ಮೆಚ್ಚಿಕೆಯಾಯಿತು.

ಕಂಚಿನ ತೋರಣದ್ವಾರ ದಾಟಿದರೆ ಅಂಗಡಿ ಬೀದಿ. ಬೀದಿ ಕಿರಿದು, ಏರು, ಜನಜಂಗುಳಿ; ರಜಾ ದಿನ ಹೋದರೆ ನಮ್ಮ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಹಬ್ಬದ ಮುನ್ನಾದಿನ ನಡೆದಂತೆ ನಡೆಯಬೇಕಾಗುತ್ತದೆ. ಇಲ್ಲಿನ ಹೆಸರುವಾಸಿ ತಿಂಡಿ ಆಕ್ಟೋಪಸ್ ಹಪ್ಪಳ. ಹಿಟ್ಟಿನಲ್ಲಿ ಹೊರಳಿಸಿದ ಪ್ರಾಣಿಯನ್ನು ಕಾದ ಎರಡು ಕಬ್ಬಿಣದ ಹಲಗೆಗಳ ನಡುವೆ ಇಟ್ಟು ಒತ್ತುತ್ತಾರೆ. ಹಬೆ ಸುಯ್ಯೆಂದು ಏಳುತ್ತದೆ, ಕೊನೆಗೆ ಮುಖದಷ್ಟು ಅಗಲದ, ಕಾಗದದಷ್ಟು ತೆಳುವಾದ ಹಾಳೆಯೊಂದು ಹೊರಬರುತ್ತದೆ. ಮಾಡುವ ಕೈಚಳಕ ನೋಡುವಂತಿದೆ. ಸಸ್ಯಾಹಾರಿಗಳಾದ ನಾವು ನೋಡಿ ಮುಂದೆ ಹೋದೆವು.

ಕೆಂಪು ತೋರಣದ್ವಾರದ ಎಡಕ್ಕೆ ಎಸ್ಕಾ ಎಂಬ ಎಸ್ಕಲೇಟರ್ ಸಾಲು ಇದೆ. 1959ರಲ್ಲಿ ಹಾಕಿದ್ದು, ಒಟ್ಟು 46 ಮೀಟರ್ ಎತ್ತರವನ್ನು ತುಂಡು ತುಂಡಾಗಿ ಹತ್ತಿಸುತ್ತದೆ, ಹಣ ಕೊಟ್ಟು ಚೀಟಿ ಪಡೆಯಬೇಕು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದು ಕಾಲದಲ್ಲಿ ವಾರಕ್ಕೊಮ್ಮೆ ಹತ್ತುತ್ತಿದ್ದ ಜಂಬ ನನಗಿತ್ತು, ಮೊಣಕಾಲು ಬೇಡವೆಂದಿತು, ಚೀಟಿ ಪಡೆದೆ. ಒಂದು ಎಚ್ಚರಿಕೆ: ಇದು ಹತ್ತಿಸುತ್ತದೆ, ಇಳಿಸುವುದಿಲ್ಲ. ಮೊಣಕಾಲು ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವೆಂಬುದನ್ನು ಇದನ್ನು ಕಟ್ಟಿದವರು ಯೋಚಿಸಿದಂತಿಲ್ಲ. ದ್ವೀಪದ ಆಚೆ ತುದಿಗೆ ಹೋಗುವ ಹಾದಿಯಂತೂ ಉದ್ದಕ್ಕೂ ಮೆಟ್ಟಿಲೇ. ಗಾಲಿಕುರ್ಚಿಯವರನ್ನು ಕರೆದೊಯ್ಯುವ ಯೋಚನೆ ಬೇಡ.

ಹೆತ್ಸುಮಿಯಾ ಗುಡಿಯನ್ನು 1206ರಲ್ಲಿ ಶೋಗುನ್, ಅಂದರೆ ಸೇನಾಡಳಿತದ ದೊರೆ, ಮಿನಾಮೊತೊ ಸನೆತೊಮೊ ಕಟ್ಟಿಸಿದನು. ಈಗಿರುವುದು 1976ರ ಮರುನಿರ್ಮಾಣ. ಅಂಗಳಕ್ಕೆ ಹೋದ ಕೂಡಲೇ ಕೈ, ಬಾಯಿ ತೊಳೆದು, ಗುಡಿಯ ಮುಂದೆ ಎರಡು ಬಾರಿ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು. ಮಂಗಳಾರತಿ ಇಲ್ಲ, ತೀರ್ಥವಿಲ್ಲ, ನೂಕುವವರೂ ಇಲ್ಲ. ಪಕ್ಕದಲ್ಲಿ ನಾಣ್ಯ ತೊಳೆಯುವ ಕೊಳವಿದೆ. ಚಿಕ್ಕ ಬುಟ್ಟಿಯಲ್ಲಿ ನಾಣ್ಯವಿಟ್ಟು ತೊಳೆದರೆ ಹಣ ಹೆಚ್ಚುತ್ತದೆಂಬ ನಂಬಿಕೆ. ಸರಸ್ವತಿ ಇದ್ದಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲವೆಂದು ಕೇಳಿ ಬೆಳೆದ ಮೇಷ್ಟ್ರುಗಳ ಮನೆತನದವನಾದ ನನಗೆ ಇದರ ಕಾರಣ ತಿಳಿಯಬೇಕೆನಿಸಿತು. ಬೆಂಜೈತೆನ್ ಎಂಬ ಹೆಸರಿನಲ್ಲಿ 'ಜೈ' ಎಂಬುದನ್ನು ಮೊದಲು ಪ್ರತಿಭೆ ಎಂಬ ಅರ್ಥದ ಅಕ್ಷರದಿಂದ ಬರೆಯುತ್ತಿದ್ದರಂತೆ. ಮುಂದೆ ಅದೇ ಉಚ್ಚಾರಣೆಯ, ಐಶ್ವರ್ಯ ಎಂಬ ಅರ್ಥದ ಅಕ್ಷರವೂ ಬಳಕೆಗೆ ಬಂತು. ಅಕ್ಷರವೊಂದು ಬದಲಾಗಿ ವಿದ್ಯೆಯ ದೇವಿಗೆ ಹಣದ ಖಾತೆಯೂ ಸೇರಿಕೊಂಡಿತು. ಹೆಂಡತಿ ಒಂದು ನಾಣ್ಯವನ್ನೂ ತೊಳೆಯಲಿಲ್ಲ. ನಾನು ಎರಡು ತೊಳೆದೆ.

ಈ ಅಂಗಳದಲ್ಲಿರುವ ಎಂಟು ಮೂಲೆಯ ಹೋಆನ್‌ದೆನ್ ಮಂಟಪವೇ ಇಡೀ ಪ್ರಯಾಣದ ಸಾರ್ಥಕತೆ. ನಾವು ಹೋದಾಗ ಪ್ರವೇಶಕ್ಕೆ 200 ಯೆನ್. ಬಹುಮಂದಿ ಯುವಕ ಯುವತಿಯರು ಇದರ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಒಳಗೆ ಹತ್ತು ನಿಮಿಷ ನಾವು ಮೂವರೇ ಇದ್ದೆವು. ಒಳಗಿರುವುದು ಎರಡು ಮೂರ್ತಿಗಳು. ಒಂದು ಎಂಟು ಕೈಗಳ ಬೆಂಜೈತೆನ್. ಸುವರ್ಣಪ್ರಭಾಸ ಸೂತ್ರವೆಂಬ ಬೌದ್ಧ ಗ್ರಂಥದಲ್ಲಿ ಸರಸ್ವತಿಗೆ ಬಿಲ್ಲು, ಬಾಣ, ಖಡ್ಗ, ಈಟಿ, ಕೊಡಲಿ, ವಜ್ರ, ಚಕ್ರ, ಪಾಶ ಹಿಡಿದ ಎಂಟು ಕೈಗಳನ್ನು ಹೇಳಿದೆ, ಈ ರೂಪಕ್ಕೆ ಅದೇ ಮೂಲ. 1182ರಲ್ಲಿ ಸನೆತೊಮೊನ ತಂದೆ ಮಿನಾಮೊತೊ ಯೊರಿತೊಮೊ ತನ್ನ ವೈರಿಯ ಸೋಲಿಗಾಗಿ ಪೂಜೆ ಮಾಡಿಸಿದಾಗ ಪ್ರತಿಷ್ಠಾಪಿಸಿದ ಮೂರ್ತಿ ಇದೆಂದು ಹೇಳುತ್ತಾರೆ. ಆಯುಧ ಹಿಡಿದ ದೇವಿಯೆಂದರೆ ನಮಗೆ ಚಾಮುಂಡಿ, ಪುಸ್ತಕ ವೀಣೆ ಹಿಡಿದವಳೆಂದರೆ ಶಾರದೆ. ನಾವು ಹೀಗೆ ಹಂಚಿಕೊಟ್ಟಿರುವ ಕೆಲಸಗಳನ್ನು ಇಲ್ಲಿ ಒಬ್ಬಳೇ ನೋಡಿಕೊಂಡಿದ್ದಾಳೆ.

ಇನ್ನೊಂದು ಮೂರ್ತಿಯ ಮುಂದೆ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದಳು. ಅದು ಮ್ಯೋಓನ್ ಬೆಂಜೈತೆನ್, ಅಂದರೆ ಮಧುರನಾದದ ಬೆಂಜೈತೆನ್. ಬಿಳಿಯ ಮೈಬಣ್ಣ, ಕುಳಿತ ಭಂಗಿ, ಮಡಿಲಲ್ಲಿ ಬಿವಾ ಎಂಬ ತಂತಿವಾದ್ಯ, ಮೈಮೇಲೆ ಬಟ್ಟೆಯಿಲ್ಲ. ಶುಭ್ರವಸ್ತ್ರ ಉಟ್ಟವಳೆಂದೇ ದಿನವೂ ಪಾಠ ಶುರುಮಾಡುವ ಮುನ್ನ ಸ್ತುತಿಸುವವಳಿಗೆ ಇದು ಆಘಾತವೇ. "ಇದೇನ್ರೀ ಹೀಗೆ" ಎಂದಳು. ಕಾಮಕುರಾ ಕಾಲದಲ್ಲಿ (ಹನ್ನೆರಡರಿಂದ ಹದಿನಾಲ್ಕನೆಯ ಶತಮಾನ) ಹೀಗೆ ಬೆತ್ತಲೆಯಾಗಿ ಕೆತ್ತಿದ ಮೂರ್ತಿಗಳಿಗೆ ನಿಜವಾದ ಬಟ್ಟೆ ಉಡಿಸುವ ಪದ್ಧತಿಯಿತ್ತೆಂದು ಮಗಳು ವಿವರಿಸಿದ ಮೇಲೆ, ಮೂಲವಿಗ್ರಹಕ್ಕೆ ನಾವು ಸೀರೆ ಉಡಿಸುವುದು ನೆನಪಾಗಿ ಅವಳ ಮುಖ ಸಡಿಲವಾಯಿತು. ಆಮೇಲೆ ಅವಳು ನೋಡಿದ್ದು ಕೈಗಳನ್ನು ಮಾತ್ರ. ನಾಲ್ಕು ತಂತಿಯ, ಪೇರಲೆ ಹಣ್ಣನ್ನು ಉದ್ದುದ್ದ ಸೀಳಿದಂಥ ಬುರುಡೆಯ ಈ ವಾದ್ಯ ಪರ್ಷಿಯಾ ಕಡೆಯಿಂದ ಚೀನಾ ಮೂಲಕ ಬಂದದ್ದು; ಏಳು ತಂತಿ, ಇಪ್ಪತ್ತನಾಲ್ಕು ಮೆಟ್ಟಿಲಿನ ನಮ್ಮ ವೀಣೆಗೂ ಇದಕ್ಕೂ ರಕ್ತಸಂಬಂಧವಿಲ್ಲ. ಬಿವಾವನ್ನು ಬೀಸಣಿಗೆಯಂತೆ ಅಗಲವಾದ ಮೀಟುಗೋಲಿನಿಂದ ಬಾರಿಸುತ್ತಾರೆ. ಹೆಂಡತಿ ತನ್ನ ಬಲಗೈಯ ಎರಡು ಬೆರಳುಗಳನ್ನು ಗಾಳಿಯಲ್ಲಿ ಮೀಟಿ ನೋಡಿ, ಎಡಗೈ ಬೆರಳನ್ನು ಇಲ್ಲದ ತಂತಿಯ ಮೇಲೆ ಎಳೆದು, "ವಾದ್ಯ ಬೇರೆ ಆದರೂ ಕೂತಿರೋ ಗತ್ತು ಅದೇ" ಎಂದು ತೀರ್ಪು ಕೊಟ್ಟಳು. ಒಳಗೆ ಚಿತ್ರ ತೆಗೆಯುವಂತಿಲ್ಲ. ತೆಗೆಯುವಂತಿದ್ದರೆ ಆ ಹತ್ತು ನಿಮಿಷವೂ ಮೊಬೈಲಿನಲ್ಲೇ ಕಳೆದುಹೋಗುತ್ತಿತ್ತು.

ಹೊರಗೆ ಬಂದರೆ ಪ್ರೇಮದ ಮೊದಲ ಠಾಣೆ. ಒಂದೇ ಬುಡದಿಂದ ಎರಡು ಕಾಂಡ ಎದ್ದಿರುವ ಗಿಂಕೊ ಮರ. ಸುತ್ತ ಗುಲಾಬಿ ಬಣ್ಣದ ಮರದ ಹಲಗೆಗಳು ನೂರಾರು. ಎಮಾ ಎಂಬ ಈ ಹಲಗೆಯ ಮೇಲೆ ಜೋಡಿಯ ಹೆಸರನ್ನು ಬರೆದು ಕಟ್ಟಿದರೆ ಬಂಧ ಗಟ್ಟಿಯಾಗುತ್ತದಂತೆ. ಅರಳಿಗೂ ಬೇವಿಗೂ ಮದುವೆ ಮಾಡಿಸಿ ಕಟ್ಟೆ ಕಟ್ಟಿ ಸುತ್ತುವ ಜನ ನಾವು. ಇದನ್ನು ನೋಡಿ ನಗುವ ಹಕ್ಕು ನಮಗಿಲ್ಲ. ಗಂಜಾಂನ ನಿಮಿಷಾಂಬ ದೇವಸ್ಥಾನದಲ್ಲಿ ಮದುವೆ ಕೂಡಿಬರಲೆಂದು ಹರಕೆ ಹೊರುವವರ ಮುಖದಲ್ಲಿ ಕಾಣುವ ಅದೇ ಆತಂಕ ಈ ಹಲಗೆಗಳ ಮುಂದೆ ನಿಂತ ಹುಡುಗಿಯೊಬ್ಬಳಲ್ಲಿ ಕಂಡಿತು. ಅವಳು ಒಂದು ಹೆಸರು ಬರೆದು, ಎರಡನೆಯದರ ಜಾಗದಲ್ಲಿ ಲೇಖನಿ ಹಿಡಿದು ಬಹಳ ಹೊತ್ತು ನಿಂತಿದ್ದಳು.

ಎರಡನೆಯ ಠಾಣೆ ದ್ವೀಪದ ಹಿಂಬದಿಯ 'ಪ್ರೇಮಿಗಳ ಗುಡ್ಡ'. ಅಲ್ಲಿ 1996ರಲ್ಲಿ ತೂಗುಹಾಕಿದ ಗಂಟೆಯೊಂದಿದೆ. ನಾಗನ ಪ್ರೇಮದ ಗಂಟೆ ಎಂಬರ್ಥದ ಹೆಸರು ಅದಕ್ಕೆ. ಜೋಡಿಗಳು ಸಾಲಿನಲ್ಲಿ ನಿಂತು ಹಗ್ಗ ಹಿಡಿದು ಬಾರಿಸಿ, ಪಕ್ಕದ ಬೇಲಿಗೆ ಹೆಸರು ಬರೆದ ಬೀಗ ಹಾಕುತ್ತಾರೆ. ಬೇಲಿಯ ಕಂಬಿ ಕಾಣದಷ್ಟು ಬೀಗಗಳು. ಸಮುದ್ರದ ಗಾಳಿಗೆ ಹಳೆಯವು ತುಕ್ಕು ಹಿಡಿದು ಹೆಸರುಗಳು ಅಳಿಸಿವೆ. ಸಮುದ್ರ ಚೆನ್ನಾಗಿ ಕಾಣುತ್ತದೆ ಎಂಬುದನ್ನು ಬಿಟ್ಟರೆ ಅಲ್ಲಿ ನೋಡುವಂಥದ್ದು ನನಗೇನೂ ಸಿಗಲಿಲ್ಲ. ಸಾವಿರ ವರ್ಷದ ಕಥೆಯನ್ನು ಬೀಗದಂಗಡಿಗೆ ಇಳಿಸಿಬಿಟ್ಟಿದ್ದಾರೆಂಬ ಸಿಟ್ಟೂ ಬಂತು.

ಏಕೆಂದರೆ ಆ ಕಥೆ ಗಂಟೆ ಬಾರಿಸಿ ಮುಗಿಸುವಷ್ಟು ಹಗುರವಾದುದಲ್ಲ. 1047ರಲ್ಲಿ ಕೋಕೆಯ್ ಎಂಬ ಬೌದ್ಧ ಭಿಕ್ಷು ಬರೆದನೆನ್ನುವ ಸ್ಥಳಪುರಾಣದ ಪ್ರಕಾರ, ದಡದ ಒಳನಾಡಿನ ಸರೋವರವೊಂದರಲ್ಲಿ ಐದು ಹೆಡೆಯ ನಾಗನಿದ್ದನು. ಮಳೆ ಪ್ರವಾಹ ತಂದು, ಊರಿನ ಮಕ್ಕಳನ್ನು ಆಹುತಿ ಪಡೆಯುತ್ತಿದ್ದನು. ಹತ್ತಿರದ ಕೊಶಿಗೊಎ ಎಂಬ ಊರಿನ ಹೆಸರಿಗೂ ಆ ಮಕ್ಕಳ ಸಾವಿಗೂ ಜನ ನಂಟು ಹೇಳುತ್ತಾರೆ. 552ರಲ್ಲಿ ಕಪ್ಪು ಮೋಡ ಕವಿದು, ಭೂಮಿ ನಡುಗಿ, ಸಮುದ್ರದಿಂದ ಈ ದ್ವೀಪ ಮೇಲೆದ್ದಿತು, ಅದರ ಮೇಲೆ ದೇವಿ ಇಳಿದಳು. ಅವಳನ್ನು ಕಂಡ ನಾಗ ಮದುವೆಯಾಗೆಂದು ಕೇಳಿದನು. ಅವಳು ಒಪ್ಪಲಿಲ್ಲ, ಮಕ್ಕಳನ್ನು ತಿಂದವನಿಗೆ ಹೆಂಡತಿಯಾಗಲಾರೆನೆಂದಳು. ನಾಗ ಹಳೆಯ ದಾರಿ ಬಿಟ್ಟು, ಇನ್ನು ಮುಂದೆ ಜನರನ್ನು ಕಾಯುತ್ತೇನೆಂದು ಮಾತು ಕೊಟ್ಟ ಮೇಲೆಯೇ ಸಂಬಂಧ ಕೂಡಿದ್ದು. ಕೊನೆಗೆ ಅವನು ದ್ವೀಪದತ್ತ ಮುಖ ಮಾಡಿದ ಬೆಟ್ಟವಾದನು. ಒಳನಾಡಿನ ರ್ಯೂಕೊ ಮ್ಯೋಜಿನ್ ಗುಡಿಯಲ್ಲಿ ಅವನಿಗೆ ಇಂದಿಗೂ ಪೂಜೆಯಿದೆ, ಅರವತ್ತು ವರ್ಷಕ್ಕೊಮ್ಮೆ ಅವನ ಮೂರ್ತಿಯನ್ನು ದೇವಿಯ ದ್ವೀಪಕ್ಕೆ ಕರೆತರುತ್ತಾರೆ.

ನಮ್ಮ ಬೆಟ್ಟದ ಮೇಲೆ ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಹಾವು ಹಿಡಿದು ನಿಂತ ಮಹಿಷಾಸುರನನ್ನು ದೇವಿ ಕೊಂದಳು, ಅವನ ಹೆಸರು ಮಾತ್ರ ಊರಿಗೆ ಉಳಿಯಿತು. ಇಲ್ಲಿ ದೇವಿ ಕೊಲ್ಲಲಿಲ್ಲ, ಕರಗಿಯೂ ಹೋಗಲಿಲ್ಲ. ಷರತ್ತು ಹಾಕಿ ಕಾದಳು. ಹೊಟ್ಟೆಕಿಚ್ಚಿನಿಂದ ಜೋಡಿಗಳನ್ನು ಬೇರೆ ಮಾಡುತ್ತಾಳೆಂಬ ಮಾತು ಈ ಕಥೆ ಓದಿದ ಯಾರಿಗೂ ಹೊಂದಿಕೆಯಾಗುವುದಿಲ್ಲ. ಗಂಡಿಗೆ ನಡತೆ ತಿದ್ದಿಕೊಂಡು ಬಾ ಎಂದು ಹೇಳುವ ದೇವಿಯನ್ನು ಕಂಡು ಕೆಲವು ಗಂಡಸರೇ ಆ ಸುದ್ದಿ ಹಬ್ಬಿಸಿರಬೇಕೆಂದು ನನ್ನ ಹೆಂಡತಿಯ ಗುಮಾನಿ.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಬೇಗ ಮುಗಿದುಹೋಯಿತು. ಸಮುದ್ರ ಕಾಣುವ ಒಂದು ಹೋಟೆಲಿನಲ್ಲಿ ಮೀನು, ಮಾಂಸ ಬೇಡವೆಂದು ಮಗಳು ಜಪಾನಿ ಭಾಷೆಯಲ್ಲೇ ಹೇಳಿ ತರಿಸಿದ ಶ್ಯಾವಿಗೆಯಂಥ ಊದೊನ್‌ನ ಸಾರು ಎರಡನೆಯ ಗುಟುಕಿಗೆ ಗುಟ್ಟು ಬಿಟ್ಟುಕೊಟ್ಟಿತು: ಒಣಮೀನಿನಿಂದ ಬಸಿದದ್ದು. ಮೀನಿನ ತುಂಡು ಇಲ್ಲದಿದ್ದರೆ ಸಾಕೆಂಬುದು ಅವರ ಲೆಕ್ಕವಿರಬಹುದು. ಆದರೂ ನಾವು ಬೇಡವೆಂದ ಮೇಲೆ ಅವರು ಹೇಳಬೇಕಿತ್ತು. ಇಡೀ ದ್ವೀಪ ಶಿರಾಸು ಎಂಬ ಮರಿಮೀನಿನ ಅನ್ನಕ್ಕೆ ಪ್ರಸಿದ್ಧವಾಗಿದ್ದು, ಸಸ್ಯಾಹಾರಿಗಳ ಗತಿ ಅಲ್ಲಿ ಕಷ್ಟವೇ. ಮನೆಯಿಂದ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗುವುದು ಲೇಸು. ಆಮೇಲೆ ನಾನು ಅಝುಕಿ ಎಂಬ ಕೆಂಪು ಕಾಳಿನ ಹೂರಣ ತುಂಬಿದ ಮಂಜು ಎಂಬ ಸಿಹಿ ಕೊಂಡು, ಹೋಳಿಗೆಯ ಹೂರಣದ ರುಚಿ ಸಿಕ್ಕಿತೆಂದು ಖುಷಿಯಿಂದ ಒಂದು ಕಚ್ಚಿದೆ. ಬೆನ್ನ ಹಿಂದಿನಿಂದ ಗಾಳಿ ಬೀಸಿದಂತಾಯಿತು. ಕೈ ನೋಡಿದರೆ ಕಾಗದ ಮಾತ್ರ ಉಳಿದಿತ್ತು, ಹದ್ದು ಆಗಲೇ ಸಮುದ್ರದ ಮೇಲಿತ್ತು. ಹದ್ದುಗಳ ಬಗ್ಗೆ ಎಚ್ಚರಿಸುವ ಫಲಕದ ಕೆಳಗೇ ನಾನು ನಿಂತಿದ್ದೆನೆಂದು ಮಗಳು ಅನಂತರ ತೋರಿಸಿದಳು.

ಬಹುತೇಕರು ಹಿಂದಿರುಗಿಬಿಡುವುದು ಇಲ್ಲಿಂದಲೇ. ಹಿಂದಿರುಗಬಾರದು. ಅಕ್ಕತಂಗಿಯರಲ್ಲಿ ಹಿರಿಯಳಾದ ತಾಗಿರಿಹಿಮೆಯ ಒಕುತ್ಸುಮಿಯಾ ಗುಡಿಯಲ್ಲಿ ಜನ ಕಡಿಮೆ, ಮರದ ನೆರಳು ಹೆಚ್ಚು; ತಲೆಯೆತ್ತಿದರೆ ಛಾವಣಿಯಲ್ಲಿ ಆಮೆಯೊಂದರ ಚಿತ್ರವಿದೆ, ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತದೆ. ಅಲ್ಲಿಂದ ಕಡಿದಾದ ಮೆಟ್ಟಿಲು ಇಳಿದರೆ ಅಲೆ ಬಡಿಯುವ ಬಂಡೆಯ ಹಾಸು. 1923ರ ಮಹಾ ಕಾಂತೋ ಭೂಕಂಪದಲ್ಲಿ ಸುಮಾರು ಒಂದು ಮೀಟರ್ ಮೇಲೆದ್ದ ನೆಲ ಅದು. ದ್ವೀಪವೇ ನೀರಿನಿಂದ ಎದ್ದಿತೆಂಬ ಪುರಾಣವನ್ನು ಓದಿ ಬಂದವರಿಗೆ ಆ ಹಾಸಿನ ಮೇಲೆ ಕಾಲಿಡುವಾಗ ಮೈ ಜುಮ್ಮೆನ್ನುತ್ತದೆ. ಮೋಡ ಇಲ್ಲದ ದಿನ ಅಲ್ಲಿಂದ ಫುಜಿ ಪರ್ವತ ಕಾಣುತ್ತದೆ. ನಮಗೆ ಮೋಡವೇ ಕಂಡಿತು.

ಅದರ ಪಕ್ಕದಲ್ಲಿ ಇವಾಯಾ ಗುಹೆಗಳು. ದೇಗುಲದ ಮೂಲ ಇಲ್ಲೇ. ನಾವು ಹೋದಾಗ ಪ್ರವೇಶ 500 ಯೆನ್; ಅಲೆ ಜೋರಿದ್ದ ದಿನ ಮುಚ್ಚುತ್ತಾರೆ, ವಿಚಾರಿಸಿಕೊಂಡೇ ಹೋಗಬೇಕು. ಬಂಡೆ ಕುಸಿತದಿಂದಾಗಿ 1971ರಲ್ಲಿ ಮುಚ್ಚಿದ ಗುಹೆಗಳನ್ನು ಮತ್ತೆ ತೆರೆದದ್ದು 1993ರಲ್ಲಿ. 152 ಮೀಟರ್ ಉದ್ದದ ಮೊದಲ ಗುಹೆಯಲ್ಲಿ ಒಳಗೆ ಹೋಗುವವರ ಕೈಗೆ ಉರಿಯುವ ಮೇಣದ ಬತ್ತಿಯೊಂದನ್ನು ಕೊಡುತ್ತಾರೆ. ತಲೆ ಬಗ್ಗಿಸಿ, ಜಿನುಗುವ ಗೋಡೆಗೆ ಭುಜ ತಾಗಿಸಿಕೊಂಡು, ಬತ್ತಿ ಆರದಂತೆ ಅಂಗೈ ಮರೆಮಾಡಿ ನಡೆಯಬೇಕು. ಎರಡೂ ಬದಿ ಉಪ್ಪುಗಾಳಿಗೆ ಮುಖ ಸವೆದ ಕಲ್ಲಿನ ಮೂರ್ತಿಗಳು. ಹದಿನೇಳನೆಯ ಶತಮಾನದ ಸುಗಿಯಾಮಾ ವಾಯಿಚಿ ಎಂಬ ಅಂಧ ವೈದ್ಯ ಈ ಗುಹೆಯಲ್ಲಿ ಉಪವಾಸವಿದ್ದು, ಹೊರಡುವಾಗ ಕಲ್ಲೊಂದಕ್ಕೆ ಎಡವಿ ಬಿದ್ದು, ಕೈಗೆ ಸಿಕ್ಕ ಕೊಳವೆ ಮತ್ತು ಅದರೊಳಗಿನ ಪೈನ್ ಮರದ ಸೂಜಿಯೆಲೆಯಿಂದ, ಸೂಜಿಯನ್ನು ನಳಿಕೆಯ ಮೂಲಕ ಚುಚ್ಚುವ ಚಿಕಿತ್ಸಾ ಕ್ರಮವನ್ನು ಕಂಡುಕೊಂಡನೆಂದು ಹೇಳುತ್ತಾರೆ. ಎಡವಿದ ಕಲ್ಲು ದೇಗುಲದ ಮೆಟ್ಟಿಲ ಬಳಿ ಇನ್ನೂ ಇದೆ. ಗುಹೆಯ ಕೊನೆಯಲ್ಲಿ ಹೆಂಡತಿ ಬತ್ತಿಯನ್ನು ನನ್ನ ಕೈಗೆ ಕೊಟ್ಟು, ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ ಏನನ್ನೋ ಗುನುಗಿದಳು. ಅವಳ ಸರಸ್ವತೀ ಪೂಜೆ ಅಲ್ಲಿ ಆಯಿತು.

ಬರುವಾಗ ಎನೋದೆನ್ ರೈಲಿನಲ್ಲಿ ಕಾಮಕುರಾ ಕಡೆಗೆ ಹೋದೆವು. 1902ರಲ್ಲಿ ಓಡಲು ಶುರುವಾದ, ಒಟ್ಟು ಹತ್ತು ಕಿಲೋಮೀಟರಿನ ಈ ಪುಟ್ಟ ಮಾರ್ಗದಲ್ಲಿ ರೈಲು ಎನೋಶಿಮಾ ನಿಲ್ದಾಣ ಬಿಟ್ಟ ಮೇಲೆ ಕೊಶಿಗೊಎವರೆಗೆ ಕಾರುಗಳ ನಡುವೆ ರಸ್ತೆಯ ಮೇಲೇ ಸಾಗುತ್ತದೆ. ಎಡಬದಿಯ ಕಿಟಕಿಯಾಚೆಯ ಗುಡ್ಡಗಳನ್ನು ತೋರಿಸಿ, ಇವುಗಳಲ್ಲೊಂದು ನಾಗನಾಗಿದ್ದವನು ಎಂದು ಮಗಳು ಹೇಳಿದಾಗ, ನಾವಿಬ್ಬರೂ ಯಾವುದೆಂದು ತಿಳಿಯದೆ ಎಲ್ಲಕ್ಕೂ ಸೇರಿಸಿ ಕೈಮುಗಿದೆವು.

ಆದ್ದರಿಂದ ಎದುರು ಮನೆಯವರು ಮಗ ಸೊಸೆಯನ್ನು ಧಾರಾಳವಾಗಿ ಕಳಿಸಬಹುದು. ವಾರದ ನಡುವಿನ ದಿನ, ಬೆಳಿಗ್ಗೆಯೇ ಹೋಗಲಿ. ಹೋಆನ್‌ದೆನ್‌ಗೆ ಅರ್ಧ ಗಂಟೆ, ಗುಹೆಗೆ ಒಂದು ಗಂಟೆ ಇಟ್ಟುಕೊಳ್ಳಲಿ, ಪ್ರೇಮದ ಗಂಟೆ ಬಾರಿಸುವವರ ಸಾಲು ಉದ್ದವಿದ್ದರೆ ಬಿಟ್ಟುಬಿಡಲಿ. ಬೀಗ ಕೊಳ್ಳುವ ದುಡ್ಡಿಗೆ ಮಂಜು ಕೊಳ್ಳಲಿ, ಚಾವಣಿಯ ಕೆಳಗೆ ನಿಂತು ತಿನ್ನಲಿ. ಕಾಲಿಗೆ ಚಪ್ಪಲಿ ಬೇಡ, ಷೂ ಇರಲಿ. ನಾಗ ಕೊಟ್ಟ ಮಾತಿನ ಕಥೆಯನ್ನು ಸೊಸೆಗೆ ಮುಂಚೆಯೇ ಹೇಳಿ ಕಳಿಸುವ ಹೊಣೆಯನ್ನು ನನ್ನ ಹೆಂಡತಿ ವಹಿಸಿಕೊಂಡಿದ್ದಾಳೆ.